ಒಂದು ಏಣಿಗಾಗಿ ಮೌನವ್ರತ

ಗಂಡಂದಿರಿಗೆ ಮೌನ ಹೊಸದಲ್ಲ. ಮದುವೆಯಾದ ಮೇಲೆ ಅದು ತಾನಾಗಿಯೇ ಬಂದು, ಮನೆಯ ಹಳೇ ಬೆಕ್ಕಿನ ಹಾಗೆ, ಕಾಲ ಬಳಿ ಮುದುಡಿ ಮಲಗಿಬಿಡುತ್ತದೆ. ಆದರೆ ಆ ಮೌನಕ್ಕೊಂದು ಪರೀಕ್ಷೆ ಇಟ್ಟು, ಸಭಾಂಗಣ ಗೊತ್ತುಮಾಡಿ, ಸಾಲಾಗಿ ಕುರ್ಚಿ ಹಾಕಿಸಿ, ಇಷ್ಟು ಜನರ ಎದುರಿಗೆ ಸುಮ್ಮನಿದ್ದು ತೋರಿಸು ಎಂದರೆ ಎಂಥವನಿಗೂ ಎದೆ ನಡುಗುತ್ತದೆ. ನನಗಂತೂ ನಡುಗಿತು. ಏಕೆಂದರೆ ನಾನು ಗಂಡಂದಿರ ಕುಲಕ್ಕೆ ಹೊರತಾದವನು. ಯಾರಾದರೂ ಏನಾದರೂ ಮಾಡುತ್ತಿದ್ದರೆ 'ಹಾಗಲ್ಲ, ಹೀಗೆ' ಎನ್ನದೆ ಇರಲು ನನ್ನಿಂದ ಆಗುವುದಿಲ್ಲ. ಬೀದಿಯಲ್ಲಿ ಅಪರಿಚಿತರು ಛತ್ರಿ ಮಡಚುವಾಗಲೂ ನಾನು ನಿಂತು ಸಲಹೆ ಕೊಟ್ಟಿದ್ದೇನೆ.

ನನ್ನ ಕಸುಬು ವೆಬ್‌ಸೈಟು ಕಟ್ಟುವುದು. (ಗಂಭೀರ ಸಂದರ್ಭಗಳಲ್ಲಿ ಅದನ್ನು ಜಾಲತಾಣ ಎನ್ನುತ್ತೇನೆ.) ಊಟದ ಮೇಜಿನ ಒಂದು ತುದಿ ನನ್ನ ಕಚೇರಿ, ಇನ್ನೊಂದು ತುದಿಯಲ್ಲಿ ಅತ್ತೆಯವರು ಆಲೂಗೆಡ್ಡೆ ಸುಲಿಯುತ್ತಾರೆ. ದಿನವಿಡೀ ಕೂತಲ್ಲೇ ಕೂತು ಪರದೆ ನೋಡುವುದು ಒಂದು ಉದ್ಯೋಗವೆಂದು ಅವರಿಗೆ ಇಂದಿಗೂ ನಂಬಿಕೆ ಬಂದಿಲ್ಲ. ಪಕ್ಕದ ಮನೆಯಾಕೆ ಕೇಳಿದರೆ, "ನಮ್ಮ ಅಳಿಯಂದಿರು ಇನ್ನೂ ಹುಡುಕ್ತಾ ಇದಾರೆ" ಎಂದು ದನಿ ತಗ್ಗಿಸಿ ಹೇಳುತ್ತಾರೆ. ಏನನ್ನು ಹುಡುಕುತ್ತಿದ್ದೇನೆ ಎಂದು ಆಕೆಯೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಇಬ್ಬರೂ ಒಂದು ನಿಟ್ಟುಸಿರು ಹಂಚಿಕೊಳ್ಳುತ್ತಾರೆ.

ನಮ್ಮಂಥವರದ್ದೇ ಒಂದು ಕೂಟವಿದೆ. ವೆಬ್‌ಸೈಟು ಕಟ್ಟುವ ಗಂಡಸರು, ಹೆಂಗಸರು ತಿಂಗಳಿಗೊಮ್ಮೆ ಸೇರಿ ಒಬ್ಬರ ಕೆಲಸವನ್ನು ಇನ್ನೊಬ್ಬರು ನೋಡಿ ಹೊಗಳಿ, ಹೊರಗೆ ಬಂದು ತೆಗಳುವ ಸಂಘ. ವರ್ಷಕ್ಕೊಂದು ಸಲ ಈ ಕೂಟ ತನ್ನವರು ಕಟ್ಟಿದ ಅತ್ಯುತ್ತಮ ಜಾಲತಾಣಗಳನ್ನು ಆರಿಸಿ ಲೋಕಕ್ಕೆ ತೋರಿಸುತ್ತದೆ. ಅದರ ಹೆಸರೇ 'ಪ್ರದರ್ಶನ'. ಒಮ್ಮೆ ಅಲ್ಲಿ ಹೆಸರು ಬಂದರೆ ಸಾಕು, ಆಮೇಲೆ ನೀವು ಕೆಲಸ ಕೇಳಿಕೊಂಡು ಹೋಗಬೇಕಾಗಿಲ್ಲ, ಕೆಲಸವೇ ನಿಮ್ಮ ಮನೆ ಬಾಗಿಲು ತಟ್ಟುತ್ತದೆ ಎಂದು ಪ್ರತೀತಿ. ನನಗೆ ಬೇಕಾದದ್ದು ಅಷ್ಟೂ ಅಲ್ಲ. ಅತ್ತೆಯವರ ಎದುರು ಲ್ಯಾಪ್‌ಟಾಪ್ ತಿರುಗಿಸಿ, "ನೋಡಿ, ಇದು ನಾನು" ಎಂದು ಒಂದೇ ಒಂದು ಸಲ ಹೇಳಬೇಕಾಗಿತ್ತು. ಪ್ರತಿ ವರ್ಷ ಯಾರ್ಯಾರದೋ ಸೈಟು ಅಲ್ಲಿ ಮೆರೆಯಿತು. ನನ್ನದು ಮಾತ್ರ ಮದುವೆಮನೆಗೆ ಕರೆಯದೆ ಬಂದ ನೆಂಟನ ಹಾಗೆ ಹೊರಗೇ ನಿಂತಿತ್ತು.

ಈ ವರ್ಷ ನನಗೆ ಒಂದು ದಿವ್ಯವಾದ ಉಪಾಯ ಹೊಳೆಯಿತು.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಸಾಮಾನಿನ ಕೋಣೆಯಿದೆ. ಏಣಿ, ಗರಗಸ, ಗೋಡೆ ಕೊರೆಯುವ ಯಂತ್ರ, ತಳ್ಳುಗಾಡಿ, ಇಂಥವನ್ನೆಲ್ಲ ಸುತ್ತಲಿನವರು ಎರವಲು ಒಯ್ದು ತಂದುಕೊಡುವ ಜಾಗ. ಅದನ್ನು ನೋಡಿಕೊಳ್ಳುವ ಹಿರಿಯರನ್ನು ಎಲ್ಲರೂ ಸಾಮಾನಿನ ಮಾವ ಎಂದೇ ಕರೆಯುತ್ತಾರೆ. ಅವರಿಗೊಂದು ವೆಬ್‌ಸೈಟು ಬೇಕಾಗಿತ್ತು. ನಾನು ಒಪ್ಪಿಕೊಂಡೆ. ಒಪ್ಪಿಕೊಂಡ ರಾತ್ರಿಯೇ ನಿರ್ಧರಿಸಿದೆ: ಇದರಲ್ಲಿ ಒಂದೂ ಗುಂಡಿ ಇರಕೂಡದು. 'ಇಲ್ಲಿ ಒತ್ತಿ', 'ಮುಂದೆ ಹೋಗಿ' ಎಂದು ಮನುಷ್ಯನನ್ನು ದನ ಅಟ್ಟಿದಂತೆ ಅಟ್ಟುವ ಗುಂಡಿಗಳು ನನಗೆ ಸಾಕಾಗಿದ್ದವು. (ಗುಂಡಿ ಇಲ್ಲದ ಕಡೆಯೂ ಮನುಷ್ಯ ಬೀಳಬಹುದು ಎಂದು ಆಮೇಲೆ ತಿಳಿಯಿತು.)

ಸೈಟು ತೆರೆದರೆ ಒಂದು ಗೋಡೆ. ಗೋಡೆಯ ಮೇಲೆ ಮೊಳೆಗಳಿಗೆ ತೂಗುಹಾಕಿದ ಸಾಮಾನುಗಳು. ಪಕ್ಕದಲ್ಲಿ ಅರ್ಧ ತೆರೆದ ಬಾಗಿಲು. ಹೊರಗೆ ಬೆಳಗಾಗಿದ್ದರೆ ಗೋಡೆಯ ಮೇಲೂ ಬೆಳಗಿನ ಬಿಸಿಲು, ಸಂಜೆಯಾದರೆ ಸಂಜೆಯ ಬೆಳಕು. ಯಾವುದಾದರೂ ಸಾಮಾನು ಬೇಕೆಂದರೆ ಅದನ್ನು ಮೊಳೆಯಿಂದ ಮೆಲ್ಲಗೆ ಎಳೆದು ತಂದು ಬಾಗಿಲೊಳಗೆ ಬಿಡಬೇಕು. ಸೈಟು ಅದನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತದೆ. ಏಣಿಯ ನೆರಳು ಗೋಡೆಯ ಮೇಲೆ ಓರೆಯಾಗಿ ಬೀಳುವುದಕ್ಕಾಗಿಯೇ ನಾನು ಒಂದಿಡೀ ತಿಂಗಳು ದುಡಿದೆ. ಆ ನೆರಳು ನೋಡುತ್ತಾ ಕೂತರೆ ಯಾರೋ ಈಗತಾನೇ ಇಳಿದು ಹೋದಂತೆ ಅನ್ನಿಸುತ್ತಿತ್ತು.

ಸಾಮಾನಿನ ಮಾವ ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಚೆನ್ನಾಗಿದೆ. ಫೋನ್ ನಂಬರ್ ಎಲ್ಲಿ?"

"ಅದು ಬೇಕಾಗಿಲ್ಲ ಮಾವ. ಎಲ್ಲಾ ಇದರಲ್ಲೇ ಆಗುತ್ತೆ."

"ಆಗಲಿ. ನಂಬರ್ ಹಾಕು."

"ಹಾಕಿದರೆ ಗೋಡೆಯ ಅಂದ ಹಾಳಾಗುತ್ತೆ."

"ಗೋಡೆ ಮೇಲೆ ಬೇಡ, ನಿನಗೆಲ್ಲಿ ಇಷ್ಟವೋ ಅಲ್ಲಿ ಹಾಕು. ಆದರೆ ಹಾಕು."

ಹಿರಿಯರ ಮಾತು ಮೀರಬಾರದು. ಬಾಗಿಲ ಮುಂದೆ ಒಂದು ಕಾಲೊರಸು ಬಿಡಿಸಿದ್ದೆ. ಅದರ ಮೇಲೆ, ಕಂದು ಬಣ್ಣದ ನಾರಿನ ನಡುವೆ, ಕಂದು ಬಣ್ಣದಲ್ಲೇ ಸಣ್ಣದಾಗಿ ನಂಬರ್ ಬರೆದೆ. ಹಾಕಿದ ಹಾಗೂ ಆಯಿತು, ಹಾಕದ ಹಾಗೂ ಆಯಿತು.

ಇನ್ನು ಪರೀಕ್ಷೆಯ ವಿಷಯ. ಪ್ರದರ್ಶನಕ್ಕೆ ಆಯ್ಕೆಯಾಗಬೇಕಾದರೆ ನಮ್ಮ ಕೂಟದಲ್ಲೊಂದು ಕಟ್ಟಳೆಯಿದೆ. ಕಟ್ಟಿದವನ ಮನೆಯವರೇ ಒಬ್ಬರು, ಈ ಕಸುಬಿನ ಗಂಧಗಾಳಿ ಇಲ್ಲದವರು, ಆ ಸೈಟನ್ನು ಎಂದೂ ನೋಡಿರದವರು, ವೇದಿಕೆಯ ಮೇಲೆ ಕೂತು ಅದರಲ್ಲಿ ಒಂದು ಕೆಲಸ ಮಾಡಿ ಮುಗಿಸಬೇಕು. ಮಾಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿರಬೇಕು. ಕಟ್ಟಿದವನು ಪಕ್ಕದ ಕುರ್ಚಿಯಲ್ಲಿ ತುಟಿ ಪಿಟಕ್ಕೆನ್ನದೆ ಕೂತಿರಬೇಕು. ಒಂದು ಮಾತು ಆಡಿದರೂ ಗಂಟೆ ಬಾರಿಸುತ್ತಾರೆ. ಆ ವರ್ಷಕ್ಕೆ ಅವನ ಕಥೆ ಮುಗಿಯಿತು. ಹಿಂದೊಮ್ಮೆ ಒಬ್ಬ ಸದಸ್ಯನನ್ನು 'ಅರ್ಥವುಳ್ಳ ಕೆಮ್ಮು' ಎಂಬ ಕಾರಣಕ್ಕೆ ಹೊರಗೆ ಹಾಕಿದರು. ಪಾಪ, ಅವನಿಗೆ ನಿಜವಾಗಿ ಕೆಮ್ಮಿತ್ತು.

"ನಿಮ್ಮ ಸೈಟು ಲೋಕಕ್ಕೆ ಹೋದಾಗ ಪ್ರತಿಯೊಬ್ಬರ ಪಕ್ಕದಲ್ಲೂ ನೀವು ಹೋಗಿ ಕೂತಿರೋದಿಲ್ಲ. ಆದ್ದರಿಂದ ಇಲ್ಲೂ ಕೂತಿಲ್ಲದ ಹಾಗೇ ಕೂತಿರಿ" ಎನ್ನುವುದು ನಮ್ಮ ಅಧ್ಯಕ್ಷೆಯ ವಾದ.

ನನ್ನ ಮನೆಯಲ್ಲಿ ಇರುವವರು ಇಬ್ಬರು, ಹೆಂಡತಿ ಮತ್ತು ಅತ್ತೆ. ಅತ್ತೆಯವರನ್ನು ಮೈಕಿನ ಮುಂದೆ ಕೂರಿಸಿ ಮನಸ್ಸಿಗೆ ಬಂದದ್ದನ್ನೆಲ್ಲ ಹೇಳಿ ಎನ್ನುವ ಧೈರ್ಯ ನನಗಿರಲಿಲ್ಲ. ಉಳಿದವಳು ಒಬ್ಬಳೇ.

"ಒಂದು ಉಪಕಾರ ಆಗಬೇಕಿತ್ತು" ಎಂದೆ.

"ಕಾರಿನ ಕೀಲಿ ಕೊಡಲ್ಲ" ಎಂದಳು. (ಅವಳು ಕಾರು ಓಡಿಸುವುದನ್ನು ಕಲಿಸುವ ಶಾಲೆಯಲ್ಲಿ ಶಿಕ್ಷಕಿ. ನನ್ನ ಕೈಗೆ ಕೀಲಿ ಕೊಡದಿರುವುದು ಅವಳ ವೃತ್ತಿಧರ್ಮ.)

"ಅದಲ್ಲ. ಸಭೇಲಿ ಕೂತು ನನ್ನ ಸೈಟು ಉಪಯೋಗಿಸಬೇಕು. ಏನನ್ನಿಸುತ್ತೋ ಎಲ್ಲಾ ಬಾಯಿಬಿಟ್ಟು ಹೇಳ್ತಾ ಇರಬೇಕು."

"ನಿಮ್ಮ ಎದುರಿಗೇನಾ?"

"ಹೂಂ."

"ನೀವು ಏನು ಮಾಡ್ತಾ ಇರ್ತೀರಿ?"

"ನಾನು ಮಾತಾಡೋ ಹಾಗಿಲ್ಲ."

ಅವಳು ಮಡಚುತ್ತಿದ್ದ ಟವೆಲನ್ನು ಕೆಳಗಿಟ್ಟಳು. ಮದುವೆಯ ದಿನವೂ ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಕಂಡಿರಲಿಲ್ಲ.

"ಎಷ್ಟು ಹೊತ್ತು?"

"ಹತ್ತು ನಿಮಿಷ."

"ಅಷ್ಟೇನಾ" ಎಂದು ಟವೆಲನ್ನು ಮತ್ತೆ ಎತ್ತಿಕೊಂಡಳು. ಅದನ್ನು ಮಡಚಿಟ್ಟು, "ನಿಮ್ಮ ಕೈಲಿ ಆಗಲ್ಲ ರೀ. ಹೋದ ವಾರ ನಾನು ಸೀನಿದಾಗಲೂ 'ಹಾಗಲ್ಲ' ಅಂದ್ರಿ. ಅಭ್ಯಾಸ ಮಾಡಬೇಕು" ಎಂದಳು.

ಹೀಗೆ ನನ್ನ ಮೌನಾಭ್ಯಾಸ ಶುರುವಾಯಿತು. ಗುರು ಅವಳೇ. "ಕಲಿಯೋಕೆ ಬಂದವರು ತಪ್ಪು ಮಾಡ್ತಾ ಇದ್ದರೆ ನಾನು ಬಾಯಿ ಹಾಕಲ್ಲ. ನನ್ನ ಕಾಲಡೀಲೂ ಒಂದು ಬ್ರೇಕು ಇರುತ್ತೆ. ಗೋಡೆ ತೀರಾ ಹತ್ತಿರ ಬಂದಾಗ ಮಾತ್ರ ಒತ್ತೋದು" ಎಂದಳು.

"ನನ್ನ ಬ್ರೇಕು ಎಲ್ಲಿದೆ?"

"ಹಲ್ಲಿನ ಹಿಂದೆ."

ಅವಳು ಡಬ್ಬಿಯ ಮುಚ್ಚಳವನ್ನು ಬೇಕೆಂದೇ ತಿರುಗಾಮುರುಗಾ ತಿರುಗಿಸಿದಳು, ನಾನು ಸುಮ್ಮನಿದ್ದೆ. ಚಾದರವನ್ನು ಅಡ್ಡಡ್ಡ ಹಾಸಿದಳು. ನಾನು ಕಿಟಕಿಯ ಕಡೆ ನೋಡಿದೆ. ಆಮೇಲಾಮೇಲೆ ಮನೆಯೊಳಗೆ ನಾನು ಎಂದೂ ಕೇಳಿರದ ಸಣ್ಣ ಸದ್ದುಗಳು ಕೇಳತೊಡಗಿದವು. ನೀರು ಕಾಯುವ ಸದ್ದು, ಅತ್ತೆಯವರ ಬಳೆ ಮೇಜಿಗೆ ತಾಗುವ ಸದ್ದು, ಕೆಲಸ ಮಾಡುವಾಗ ನನ್ನ ಹೆಂಡತಿ ಗುನುಗುವ ಒಂದು ಅರ್ಧ ಹಾಡು. ಅವಳು ಹಾಡುತ್ತಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹಾಡುವಷ್ಟು ಜಾಗ ನಾನು ಬಿಟ್ಟಿದ್ದರಲ್ಲವೇ.

ಆದರೆ ಅಭ್ಯಾಸ ಒಂದು ದಿನ ಅತಿಯಾಯಿತು. ಅತ್ತೆಯವರು ಒಲೆಯ ಮೇಲೆ ಹಾಲಿಟ್ಟು ಬೆನ್ನು ತಿರುಗಿಸಿ ಕಪಾಟಿನಲ್ಲಿ ಏನೋ ಹುಡುಕುತ್ತಿದ್ದರು. ಹಾಲು ಏರಿತು. ನಾನು ನೋಡಿದೆ. ಅಂಚಿಗೆ ಬಂತು. ಹಲ್ಲಿನ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿದೆ. ಹಾಲು ಉಕ್ಕಿ ಒಲೆಯೆಲ್ಲಾ ಹರಿಯಿತು.

"ಇಲ್ಲೇ ನಿಂತಿದ್ರಲ್ಲ, ಒಂದು ಮಾತು ಹೇಳಬಾರದಾಗಿತ್ತಾ?" ಎಂದರು ಅತ್ತೆಯವರು.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಪರವಾಗಿ, "ಅಮ್ಮಾ, ಅವರು ಅಭ್ಯಾಸ ಮಾಡ್ತಾ ಇದಾರೆ" ಎಂದಳು.

"ಯಾವುದಕ್ಕೆ? ಕಂಬ ಆಗೋದಕ್ಕಾ?"

ಪರೀಕ್ಷೆಯ ದಿನ ಬಂತು. ಸಭಾಂಗಣದಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಸಾಮಾನಿನ ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಧ್ಯದ ಸಾಲಿನಲ್ಲಿ ಕೂತಿದ್ದರು. ವೇದಿಕೆಯ ಮೇಲೆ ದೊಡ್ಡ ಪರದೆ, ಅದರ ಮುಂದೆ ನನ್ನ ಹೆಂಡತಿ, ಅವಳಿಂದ ಎರಡು ಮಾರು ದೂರದಲ್ಲಿ ನಾನು. ನನ್ನ ಮಗ್ಗುಲಲ್ಲಿ ಗಂಟೆ ಹಿಡಿದ ಗಡ್ಡದ ಸದಸ್ಯ. ನನ್ನ ತುಟಿಯನ್ನೇ ನೋಡುತ್ತಿದ್ದ.

ಅಧ್ಯಕ್ಷೆ ಹೇಳಿದರು: "ನಿಮಗೊಂದು ಏಣಿ ಬೇಕು. ಈ ಸೈಟಿನಿಂದ ಪಡೆದುಕೊಳ್ಳಿ."

ಪರದೆಯ ಮೇಲೆ ನನ್ನ ಗೋಡೆ ಮೂಡಿತು. ಸಂಜೆಯಾಗಿತ್ತು, ಗೋಡೆಯ ಮೇಲೂ ಸಂಜೆ. ಸಭೆಯಲ್ಲಿ ಯಾರೋ 'ಆಹಾ' ಎಂದರು. ಆ ಒಂದು ಆಹಾಕಾರಕ್ಕಾಗಿ ನಾನು ಎಷ್ಟು ವರ್ಷ ಕಾದಿದ್ದೆ.

"ಗೋಡೆ ಇದೆ" ಎಂದಳು ನನ್ನ ಹೆಂಡತಿ, ಹೇಳಿಕೊಟ್ಟಂತೆ ಗಟ್ಟಿಯಾಗಿ. "ಏಣಿನೂ ಇದೆ. ಅದನ್ನ ಒತ್ತಿ ನೋಡ್ತೀನಿ. ತಿರುಗ್ತಾ ಇದೆ. ತಿರುಗಲಿ. ಚೆನ್ನಾಗೇ ತಿರುಗುತ್ತೆ. ನನಗೆ ಏಣಿ ಬೇಕಿತ್ತು, ಅದರ ನಾಟ್ಯ ಅಲ್ಲ."

ಸಭೆ ನಕ್ಕಿತು. ನಾನು ಬ್ರೇಕು ಒತ್ತಿದೆ.

"ಪಕ್ಕದಲ್ಲಿ ಬಾಗಿಲು. ಹತ್ತಿರ ಹೋದರೆ ತೆರೀತಾ ಇದೆ. ಒಳಗೆ ಹೋಗೋಣ ಅಂತ ಒತ್ತಿದೆ, ಮುಚ್ಚಿಕೊಂಡ್ತು. ಇವರ ಸ್ವಭಾವವೇ ಬಂದಿದೆ ಇದಕ್ಕೆ."

ಇನ್ನಷ್ಟು ನಗು. ಅವಳು ಸುತ್ತಿಗೆ ಮುಟ್ಟಿದಳು, ಅದು ಟಣ್ ಎಂದಿತು. ತಳ್ಳುಗಾಡಿ ಮುಟ್ಟಿದಳು, ಅದರ ಚಕ್ರ ಉರುಳಿತು. ಮತ್ತೆ ಏಣಿಗೆ ಬಂದಳು. ಈ ಸಲ, ಬೆರಳು ಹೇಗೋ ಒತ್ತಿ ಹಿಡಿದದ್ದರಿಂದ, ಏಣಿ ಮೊಳೆಯಿಂದ ಕಳಚಿಕೊಂಡಿತು. ಮನಸ್ಸಿನಲ್ಲೇ ಬೇಡಿಕೊಂಡೆ: ಎಳೆ ತಾಯಿ, ಇನ್ನೊಂದು ಗೇಣು, ಬಾಗಿಲು ಅಲ್ಲೇ ಇದೆ. ಅರ್ಧ ದಾರಿಯಲ್ಲಿ ಕೈಬಿಟ್ಟಳು. ಏಣಿ ಜಾರಿಕೊಂಡು ವಾಪಸ್ಸು ಹೋಗಿ ಮೊಳೆಗೆ ನೇತುಹಾಕಿಕೊಂಡಿತು, ಓರೆಯಾದ ನೆರಳಿನ ಸಮೇತ.

"ಇದಕ್ಕೆ ನನ್ನ ಜೊತೆ ಬರೋಕೆ ಇಷ್ಟ ಇಲ್ಲ" ಎಂದಳು.

ಈ ಸಲ ಸಭೆ ನಗಲಿಲ್ಲ. ಅವಳು ಮತ್ತೆ ಒತ್ತಿದಳು, ಮತ್ತೆ ತಿರುಗಿತು. ಮತ್ತೆ ಒತ್ತಿದಳು. ಅವಳ ಕಿವಿ ಕೆಂಪಾಗುತ್ತಿರುವುದು ನಾನು ಕೂತಲ್ಲಿಗೆ ಕಾಣಿಸಿತು. ದನಿ ಸಣ್ಣದಾಯಿತು. "ಗೊತ್ತಾಗ್ತಾ ಇಲ್ಲ. ದಿನಾ ನಾನೇ ಬೇರೆಯವರಿಗೆ ಗಾಬರಿ ಆಗಬೇಡಿ ಅಂತೀನಿ. ಎಲ್ಲರಿಗೂ ಸುಲಭ ಇರುತ್ತೇನೋ. ತಪ್ಪು ನನ್ನದೇ ಇರಬೇಕು."

ಇಷ್ಟು ಜನರೆದುರು, ಮೈಕಿನಲ್ಲಿ, ನಾನು ಕಟ್ಟಿದ ಗೋಡೆಯ ಮುಂದೆ ಕೂತು ಅವಳು ಹಾಗೆಂದಳು. ಆ ಕ್ಷಣ ನನ್ನ ಸುಂದರವಾದ ಗೋಡೆ ನಿಜವಾದ ಗೋಡೆಯಂತೆಯೇ ಕಂಡಿತು. ತಪ್ಪು ನಿನ್ನದಲ್ಲ ಕಣೇ, ನನ್ನದು, ಎಂದು ಹೇಳಬೇಕು. ಹೇಳಿದರೆ ಗಂಟೆ. ಗಂಟೆಯಾದರೆ ಪ್ರದರ್ಶನ ಹೋಯಿತು, ನೆರಳು ಹೋಯಿತು, ಅತ್ತೆಯವರೆದುರು ಲ್ಯಾಪ್‌ಟಾಪ್ ತಿರುಗಿಸುವುದೂ ಹೋಯಿತು. ಹೋಗಲಿ ಎಂದುಕೊಂಡೆ. ನಾನು ಎದ್ದು ನಿಂತೆ. ಗಡ್ಡದವನು ಗಂಟೆ ಎತ್ತಿದ. ನಾನು ಬಾಯಿ ತೆರೆದೆ.

ಅವಳು ನನ್ನ ಕಡೆ ತಿರುಗಿಯೂ ನೋಡದೆ ಎಡಗೈ ಎತ್ತಿ, ಹೊಸದಾಗಿ ಕಲಿಯಲು ಬಂದವರು ಅವಸರಪಟ್ಟಾಗ ಮಾಡುವಂತೆ, ಅಂಗೈಯನ್ನು ಕೆಳಕ್ಕೆ ಒತ್ತಿದಳು. ಕೂತ್ಕೊಳ್ಳಿ, ಎಂದು ಅದರ ಅರ್ಥ.

ಕೂತೆ. ಜೀವಮಾನದಲ್ಲಿ ಒಂದು ತ್ಯಾಗ ಮಾಡಲು ಹೊರಟಿದ್ದೆ, ಅದಕ್ಕೂ ಅಪ್ಪಣೆ ಸಿಗಲಿಲ್ಲ.

"ಇರಿ, ಇಲ್ಲಿ ಕಾಲೊರಸಿನ ಮೇಲೆ ಏನೋ ಕೊಳೆ ಇದೆ" ಎಂದಳು. ಪರದೆಯ ಹತ್ತಿರ ಮುಖ ತಂದಳು. "ಕೊಳೆ ಅಲ್ಲ, ನಂಬರ್." ಕೈಚೀಲದಿಂದ ಫೋನ್ ತೆಗೆದು ಒಂದೊಂದೇ ಅಂಕಿ ಓದಿಕೊಂಡು ಒತ್ತಿದಳು.

ಮಧ್ಯದ ಸಾಲಿನಲ್ಲಿ ಫೋನ್ ಮೊಳಗಿತು. ಸಾಮಾನಿನ ಮಾವ ಅಂಗಿ, ಪ್ಯಾಂಟು ಎಲ್ಲಾ ತಡಕಿ ಅದನ್ನು ಹೊರತೆಗೆದರು.

"ಹಲೋ, ಸಾಮಾನಿನ ಕೋಣೆ."

"ಏಣಿ ಬೇಕಿತ್ತು."

"ಎಷ್ಟೆತ್ತರದ್ದು?"

"ಚಾವಣಿ ಮುಟ್ಟೋ ಅಷ್ಟು."

"ಮಡಚೋ ಏಣಿ ಇದೆ. ನಾಳೆ ಬೆಳಿಗ್ಗೆ ಬನ್ನಿ. ವಾಪಸ್ಸು ಯಾವಾಗ ಕೊಡ್ತೀರಿ?"

"ಭಾನುವಾರ."

"ಆಗಲಮ್ಮಾ, ಎತ್ತಿಟ್ಟಿರ್ತೀನಿ."

ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ನೋಡಬಹುದಾದಷ್ಟು ದೂರದಲ್ಲಿದ್ದರು. ಆದರೂ ಇಬ್ಬರೂ ಫೋನಿನಲ್ಲೇ ಕೊನೆಯವರೆಗೂ ಮಾತಾಡಿ ಮುಗಿಸಿದರು. ಸಭೆ ಎದ್ದು ಚಪ್ಪಾಳೆ ತಟ್ಟಿತು.

ಗಡ್ಡದವನು ಆಕ್ಷೇಪ ಎತ್ತಿದ. "ಇದು ಫೋನಿನಿಂದ ಆದ ಕೆಲಸ, ಸೈಟಿನಿಂದ ಅಲ್ಲ."

"ನಂಬರ್ ಎಲ್ಲಿತ್ತು?" ಎಂದರು ಅಧ್ಯಕ್ಷೆ.

"ಸೈಟಿನಲ್ಲಿ."

"ಆಕೆಗೆ ಏಣಿ ಸಿಕ್ತಾ?"

"ಸಿಕ್ತು."

"ಕಟ್ಟಿದವರು ಮಾತಾಡಿದ್ರಾ?"

"ಬಾಯಿ ತೆರೆದರು. ಮಾತು ಬರಲಿಲ್ಲ."

"ಅಂದಮೇಲೆ ಮುಗೀತಲ್ಲ."

ಹೀಗೆ ನನ್ನ ಜಾಲತಾಣ ಪ್ರದರ್ಶನಕ್ಕೆ ಆಯ್ಕೆಯಾಯಿತು. ಅಧ್ಯಕ್ಷೆ ನಿಂತು ಪ್ರಶಂಸೆಯ ಮಾತಾಡಿದರು: ಈ ನಿರ್ಮಾಪಕರು ಇಷ್ಟೆಲ್ಲ ಅಲಂಕಾರದ ನಡುವೆಯೂ ದಾರಿ ತಪ್ಪಿದವರ ಕಷ್ಟ ಮರೆಯಲಿಲ್ಲ, ದಿಕ್ಕು ಕಾಣದೆ ತಲೆ ತಗ್ಗಿಸಿದವರ ಕಣ್ಣು ಎಲ್ಲಿ ಬೀಳುತ್ತದೋ ಸರಿಯಾಗಿ ಅಲ್ಲಿಯೇ, ಕಾಲ ಬಳಿಯೇ, ನಂಬರನ್ನು ಇಟ್ಟಿದ್ದಾರೆ, ಎಂಥ ವಿನಯ, ಎಂಥ ಮುಂದಾಲೋಚನೆ. ಅವರು ನೆರಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ.

ನನಗೆ ಮಾತಾಡಲು ಅನುಮತಿ ಸಿಕ್ಕಾಗ ನಾನು ನಿಜವನ್ನೇ ಹೇಳಿದೆ. "ನಂಬರ್ ಹಾಕೋದು ನನಗೆ ಬೇಡವಾಗಿತ್ತು. ಮಾವ ಹಟ ಹಿಡಿದು ಹಾಕಿಸಿದರು" ಎಂದೆ. ಎಷ್ಟು ಸರಳ ಮನುಷ್ಯ ಎಂದು ಮತ್ತೊಂದು ಸುತ್ತು ಚಪ್ಪಾಳೆ ಬಿತ್ತು. ಪ್ರದರ್ಶನದ ಪುಟದಲ್ಲಿ ಒಂದೊಂದು ಸೈಟಿಗೂ ಒಂದು ಚಿತ್ರ ಹಾಕುತ್ತಾರೆ. ಉಳಿದವರದ್ದೆಲ್ಲ ಪೂರ್ತಿ ಚಿತ್ರ. ನನ್ನದು ದೊಡ್ಡದು ಮಾಡಿದ ಕಾಲೊರಸು.

ಕಾರಿನಲ್ಲಿ ಬರುವಾಗ ಅವಳು ಓಡಿಸುತ್ತಿದ್ದಳು. ಬೀದಿ ದೀಪಗಳು ಅವಳ ಕೈಮೇಲೆ ಬಂದು ಬಂದು ಹೋಗುತ್ತಿದ್ದವು.

"ಅಲ್ಲಿ ಯಾಕೆ ಎದ್ದಿರಿ?"

"ಕಾಲು ಜೋಮು ಹಿಡಿದಿತ್ತು."

"ಸುಳ್ಳು" ಎಂದು ಅವಳು ಕನ್ನಡಿ ಸರಿಮಾಡಿಕೊಂಡಳು.

"ಮಾತಾಡಿದ್ದರೆ ಎಲ್ಲಾ ಹೋಗ್ತಿತ್ತಲ್ಲ ರೀ."

"ಹೋಗ್ತಿತ್ತು."

ಅವಳು ಗೇರು ಬದಲಾಯಿಸಿದಳು. ಅಡ್ಡರಸ್ತೆಯಲ್ಲಿ ಅವಳು ಬೇರೆ ದಾರಿ ಹಿಡಿದಳು, ಅದು ಸುತ್ತು ದಾರಿ ಎಂದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಬಾಗಿಲು ತೆಗೆದ ಅತ್ತೆಯವರು, "ಏನಾಯ್ತು?" ಎಂದರು.

"ಇವರದ್ದು ಆಯ್ಕೆ ಆಯ್ತಮ್ಮಾ" ಎಂದಳು ಹೆಂಡತಿ.

ನಾನು ತಡಮಾಡದೆ ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದೆ. ಅತ್ತೆಯವರು ಕನ್ನಡಕ ಹಾಕಿಕೊಂಡು ನೋಡಿದರು.

"ಕಾಲೊರಸು."

"ಅದರ ಮೇಲೆ ನೋಡಿ ಅತ್ತೆ."

"ಫೋನ್ ನಂಬರ್."

"ಅದಕ್ಕೇ ಎಲ್ಲರೂ ಮೆಚ್ಚಿದ್ದು."

"ಅದನ್ನ ಕೊಟ್ಟಿದ್ದು ಫೋನ್ ಕಂಪನಿಯವರಲ್ವಾ?" ಎಂದು ಕನ್ನಡಕ ತೆಗೆದಿಟ್ಟು ಮಲಗಲು ಹೋದರು.

ಮರುದಿನ ಬೆಳಿಗ್ಗೆ ಸಾಮಾನಿನ ಮಾವ ಫೋನ್ ಮಾಡಿದರು. ಏಣಿ ಎತ್ತಿಟ್ಟಿದ್ದೇನೆ, ಬೇರೆಯವರು ಕೇಳಿದರೂ ಕೊಡಲಿಲ್ಲ, ಯಾಕಿನ್ನೂ ಬರಲಿಲ್ಲ ಎಂದರು. ಅದು ಪರೀಕ್ಷೆಗಾಗಿ ಕೇಳಿದ್ದು ಎಂದು ವಿವರಿಸಲು ನೋಡಿದೆ. ಕೇಳಿದ ಮೇಲೆ ಒಯ್ಯಬೇಕು, ಅದು ಕೋಣೆಯ ಮರ್ಯಾದೆ ಎಂದರು. ನಾನು ಹೆಂಡತಿಯ ಮುಖ ನೋಡಿದೆ.

"ಬೇಡ ಅನ್ನೋಕೆ ನಿಮ್ಮ ಸೈಟಿನಲ್ಲಿ ಜಾಗವೇ ಇಲ್ಲವಲ್ಲ, ಹೋಗಿ ತಗೊಂಡು ಬನ್ನಿ" ಎಂದಳು.

ಹೆಗಲ ಮೇಲೆ ಏಣಿ ಹೊತ್ತು ಇಡೀ ಬೀದಿ ನಡೆದೆ. ಮನೆಯಲ್ಲಿ ಅದನ್ನು ಇಡಲು ಜಾಗವಿರಲಿಲ್ಲ. ಊಟದ ಮೇಜಿಗೆ, ನನ್ನ ಕಚೇರಿಯ ತುದಿಗೆ, ಒರಗಿಸಿದೆ. ಅತ್ತೆಯವರು ಆಲೂಗೆಡ್ಡೆ ಬಿಟ್ಟು ಎದ್ದು ಬಂದರು. ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಒಂದು ಮೆಟ್ಟಿಲನ್ನು ಗೆಣ್ಣಿನಿಂದ ತಟ್ಟಿದರು.

"ಇದು ನಿಮ್ಮ ವೆಬ್‌ಸೈಟಿಂದ ಬಂದಿದ್ದಾ?"

"ಹೌದು ಅತ್ತೆ."

"ಗಟ್ಟಿಯಾಗಿದೆ" ಎಂದರು. ಅವರ ಕಣ್ಣಲ್ಲಿ ನಾನು ಎಂದೂ ಕಂಡಿರದ ಒಂದು ಗೌರವ ಮೂಡಿತು. "ನಮಗೇ ಕೊಟ್ಟಿದ್ದಾರಾ?"

"ಇಲ್ಲ. ಭಾನುವಾರ ವಾಪಸ್ಸು ಕೊಡಬೇಕು."

"ಹಾಗಾದ್ರೆ ಸರಿ" ಎಂದು ಅತ್ತೆಯವರು ಸಮಾಧಾನದಿಂದ ಮತ್ತೆ ಕೂತು ಚಾಕು ಎತ್ತಿಕೊಂಡರು. "ನಾನೆಲ್ಲೋ ನಿಮಗೆ ಕೆಲಸ ಸಿಕ್ಕಿಬಿಡ್ತೇನೋ ಅಂದ್ಕೊಂಡೆ."